ಕಿತ್ತಳೆ ಕಾಲದ ಬಾಣಂತನ

ಆ ವರ್ಷ ಕಿತ್ತಳೆ ವ್ಯಾಪಾರಿ ಬಂದಾಗ ನಮ್ಮ ಮನೆಗೆ ಬೀಗ ಹಾಕಿತ್ತು. ನಾನು, ನನ್ನ ಗಂಡ, ಅತ್ತೆ ಮೂವರೂ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿದ್ದೆವು. ಪ್ರತಿ ವರ್ಷ ಹಣ್ಣು ಮರದಲ್ಲಿರುವಾಗಲೇ ನೋಡಿ, ಮಾತು ಮುಗಿಸಿ, ತನ್ನವರನ್ನೇ ಕರೆತಂದು ಕೊಯ್ದುಕೊಂಡು ಹೋಗುತ್ತಿದ್ದ ಆತ ಎರಡು ಸಲ ಬಂದು, ಬೀಗ ನೋಡಿ, ಬೇರೆ ತೋಟ ಹಿಡಿದ. ಫೋನೂ ಮಾಡಿದ್ದನಂತೆ. ನನ್ನ ಗಂಡ ಎತ್ತಲಿಲ್ಲ. ಆ ಎಂಟು ದಿನ ಅವರು ಯಾರ ಫೋನನ್ನೂ ಎತ್ತಿರಲಿಲ್ಲ.

ನನಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಒಂದು ಬೆಳಿಗ್ಗೆ ದೋಸೆ ತಿಂದು ಕೂತವಳಿಗೆ, ನಿನ್ನೆಯಿಂದ ಕೂಸು ಅಲ್ಲಾಡಿಲ್ಲವಲ್ಲ ಎಂದು ಹೊಳೆಯಿತು. ಮಧ್ಯಾಹ್ನದ ಹೊತ್ತಿಗೆ ಸ್ಕ್ಯಾನ್ ಆಗಿತ್ತು. ಡಾಕ್ಟರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಮಾರನೆಯ ದಿನ ಹೆರಿಗೆ ಮಾಡಿಸಿದರು. ಹೆಣ್ಣು. "ನೋಡ್ತೀರಾ?" ಎಂದು ನರ್ಸ್ ಕೇಳಿದ್ದು ನೆನಪಿದೆ. ನಾನೇನು ಹೇಳಿದೆನೋ ನೆನಪಿಲ್ಲ. ನೋಡಲಿಲ್ಲ ಎಂಬುದಷ್ಟೇ ಗೊತ್ತು. ಕೂಸನ್ನು ನನ್ನ ಗಂಡ ಬಿಳಿಯ ಟವೆಲಿನಲ್ಲಿ ಸುತ್ತಿಕೊಂಡು ಜೀಪಿನಲ್ಲಿ ತೋಟಕ್ಕೆ ಒಯ್ದು, ಸಂಜೆಯೊಳಗೆ ವಾಪಸ್ ಬಂದರು. ಅವರ ಚಪ್ಪಲಿಯಲ್ಲಿ ಕೆಂಪು ಮಣ್ಣಿತ್ತು. ನನಗೆ ಬಿ.ಪಿ. ಇಳಿಯಲಿಲ್ಲವೆಂದು ಆಸ್ಪತ್ರೆಯವರು ಇನ್ನೂ ಆರು ದಿನ ಇಟ್ಟುಕೊಂಡರು.

ಮನೆಗೆ ಬಂದಾಗ ಹಣ್ಣೆಲ್ಲ ಬಣ್ಣ ತಿರುಗಿತ್ತು. ಕಾಫಿ ಗಿಡಗಳ ನಡುವೆ ಹದಿನೆಂಟು ಕಿತ್ತಳೆ ಮರಗಳು ಉಳಿದಿದ್ದವು. ಹಳೆಯ ಎಷ್ಟೋ ಮರಗಳು ರೋಗ ಬಂದು ಒಣಗಿಹೋಗಿದ್ದವು. ಆ ಹದಿನೆಂಟು ಮಾತ್ರ ಯಾಕೋ ಆ ವರ್ಷ ಕೊಂಬೆ ಬಾಗುವಂತೆ ಬಿಟ್ಟಿದ್ದವು. ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು. ಇದ್ದ ಆಳುಗಳೆಲ್ಲ ಕಾಫಿಗೇ ಸಾಲುತ್ತಿರಲಿಲ್ಲ. ಹಣ್ಣನ್ನು ಪೇಟೆಗೆ ಸಾಗಿಸಲು ನನ್ನ ಗಂಡನಿಗೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಕೆಲಸ ಮುಗಿಸಿ ಬರುವ ಹೆಂಗಸರು ಸಂಜೆ ಒಂದೊಂದು ಮರದ ಹಣ್ಣು ಕೊಯ್ದು, ಗೋಣಿಚೀಲದಲ್ಲಿ ತಂದು ಜಗಲಿಯ ಮೇಲೆ ಸುರಿದು ಹೋಗತೊಡಗಿದರು. ಮೂರನೇ ದಿನಕ್ಕೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ನನಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ಗಂಡನ ಮನೆಯಲ್ಲೇ ಎಂದು ಮೊದಲೇ ತೀರ್ಮಾನವಾಗಿತ್ತು. ಕೂಸಿಲ್ಲದ ಮೇಲೆ ಬಾಣಂತನವೂ ಇಲ್ಲ ಎಂದುಕೊಂಡಿದ್ದೆ. ಆದರೆ ಬಂದ ಮಾರನೆಯ ಬೆಳಿಗ್ಗೆ ಅತ್ತೆ ಮೈಗೆಲ್ಲ ಎಣ್ಣೆ ಹಚ್ಚಿ, ಹಂಡೆಯಿಂದ ಕುದಿಯುವಂಥ ನೀರು ತೋಡಿ ತೋಡಿ ಬೆನ್ನಿಗೆ ಹುಯ್ದರು. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದರು. ಎದೆಹಾಲು ನಿಲ್ಲಲು ಡಾಕ್ಟರು ಕೊಟ್ಟ ಮಾತ್ರೆ ನುಂಗಿಸಿ, ಹಳೆಯ ಪಂಚೆ ಹರಿದು ಎದೆಗೂ ಕಟ್ಟಿದರು. ಊಟಕ್ಕೆ ಮೆಣಸಿನ ಸಾರು, ತುಪ್ಪ, ಸುಟ್ಟ ಬೆಳ್ಳುಳ್ಳಿ.

"ಕೂಸೇ ಇಲ್ವಲ್ಲ ಅತ್ತೆ, ಇದೆಲ್ಲ ಯಾಕೆ?" ಎಂದೆ.

ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ. "ಕೂಸಿಲ್ದಿದ್ರೆ ಎಂತ? ನೀ ಹೆತ್ತಿಲ್ವ? ಕೂಸಿಲ್ಲ ಅಂತ ನಿನ್ ಸೊಂಟಕ್ಕೆ ಯಾರು ಹೇಳಿದಾರೆ?"

ನಾನು ತಿಂದೆ. ಖಾರ ಎಂದು ಗೊತ್ತಾಗುತ್ತಿತ್ತು, ಅಷ್ಟೇ.

ಅತ್ತೆ ಕಡಿಮೆ ಮಾತಿನವರು. ಮದುವೆಯಾಗಿ ಐದು ವರ್ಷವಾದರೂ ನನ್ನನ್ನು ಹೊಗಳಿದ್ದೂ ಇಲ್ಲ, ಬೈದದ್ದೂ ಇಲ್ಲ. ಬಾಣಂತಿ ಕೆಲಸ ಮುಟ್ಟಬಾರದು ಎಂಬ ನಿಯಮವೊಂದನ್ನು ಅವರೇ ಮುರಿದರು. ನಾಲ್ಕನೇ ದಿನ ನಾನಿದ್ದ ಹಿಂದಿನ ಕೋಣೆಗೆ ಒಂದು ದೊಡ್ಡ ಬೇಸಿನ್, ಚಾಕು, ಎರಡು ಬುಟ್ಟಿ ಹಣ್ಣು ತಂದಿಟ್ಟರು.

"ಗೋಡೆ ನೋಡ್ತಾ ಕೂತ್ರೆ ಹಗ್ಲು ಹೋಗದಿಲ್ಲ. ಸುಲಿ. ಬಾಯಿಗೆ ಮಾತ್ರ ಹಾಕ್ಬ್ಯಾಡ, ಶೀತ. ನಲವತ್ತು ದಿನ ಕಿತ್ತಳೆ ಮುಟ್ಟಂಗಿಲ್ಲ."

"ಮುಟ್ತಾ ಇದೀನಲ್ಲ."

"ತಿನ್ನಂಗಿಲ್ಲ ಅಂದೆ, ಮಾರಾಯ್ತಿ."

ಹೀಗೆ ನಾನು ಸುಲಿಯತೊಡಗಿದೆ. ಮೊದಲ ದಿನ ಎಷ್ಟು ಸುಲಿದೆನೋ ತಿಳಿಯದು. ಸಂಜೆ ಹೆಬ್ಬೆರಳ ಉಗುರು ಹಳದಿಯಾಗಿ, ಬುಡದಲ್ಲಿ ಉರಿಯುತ್ತಿತ್ತು. ಆ ಉರಿ ಬೇಡವೆನಿಸಲಿಲ್ಲ. ನನ್ನ ಮೈಯಲ್ಲಿ ಎಲ್ಲೋ ಒಂದು ಕಡೆ ಏನೋ ಆಗುತ್ತಿದೆ ಎಂದು ಅದರಿಂದ ತಿಳಿಯುತ್ತಿತ್ತು.

ಮೊದಲು ಆದದ್ದು ಸ್ಕ್ವಾಷ್. ಅತ್ತೆ ಸಕ್ಕರೆ ಪಾಕ ಮಾಡಿ ಆರಲು ಬಿಟ್ಟು, ನಾನು ಹಿಂಡಿ ಸೋಸಿದ ರಸ ಬೆರೆಸುತ್ತಿದ್ದರು. ಹದ ನೋಡುವುದು ಅವರೇ. ಅಟ್ಟದಲ್ಲಿದ್ದ ಹಳೆಯ ಬಾಟಲಿಗಳೆಲ್ಲ ಕೆಳಗಿಳಿದು, ಬಿಸಿನೀರಲ್ಲಿ ಕುದಿದು, ತುಂಬಿ ನಿಂತವು. ಬಾಟಲಿ ಮುಗಿದರೂ ಹಣ್ಣು ಮುಗಿಯಲಿಲ್ಲ. ಆಮೇಲೆ ಸಿಪ್ಪೆಯ ಗೊಜ್ಜು: ಸಣ್ಣಗೆ ಹೆಚ್ಚಿದ ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆಹುಳಿ, ಬೆಲ್ಲ, ಖಾರ ಹಾಕಿ ಕುದಿಸಿದ್ದು. ತೊಳೆಗಳ ಕೇಸರಿಬಾತು ಒಂದು ದಿನ, ತಿಳಿಸಾರು ಒಂದು ದಿನ. ಬಾಯಗಲದ ಭರಣಿಯಲ್ಲಿ ಶುಂಠಿ, ಲವಂಗ, ಒಂದು ಹಿಡಿ ಗೋಧಿ ಹಾಕಿ ವೈನಿಗೆ ಇಟ್ಟರು. ಮೊಬೈಲಿನಲ್ಲಿ ಯಾರೋ ಕಳಿಸಿದ ವಿಡಿಯೋ ನೋಡಿ, ಸಿಪ್ಪೆಗೆ ಬೆಲ್ಲದ ನೀರು ಹಾಕಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಿಟ್ಟರು. ಮೂರು ತಿಂಗಳು ಕಳೆದರೆ ನೆಲ ಒರೆಸಲು ಫಿನಾಯಿಲೇ ಬೇಡವಂತೆ. ಹಿಂಡಿದ ಹೋಳಿನಿಂದ ದೇವರ ಮನೆಯ ತಾಮ್ರದ ಚೆಂಬು, ಹಂಡೆಯ ಹೊಟ್ಟೆ ಎಲ್ಲವನ್ನೂ ತಿಕ್ಕಿದರು. ಕೆಲಸ ಹುಡುಕುತ್ತಿದ್ದದ್ದು ಹಣ್ಣಿಗೋ ನನಗೋ ಎಂದು ಆಗ ನಾನು ಯೋಚಿಸಲಿಲ್ಲ. ಕೊಟ್ಟದ್ದು ಮಾಡಿದೆ.

ಉಳಿದ ಸಿಪ್ಪೆಯನ್ನು ಕಣದ ಮೂಲೆಯಲ್ಲಿ ಚಾಪೆ ಹಾಸಿ ಒಣಗಲು ಹಾಕಿದ ದಿನ ನನ್ನ ಗಂಡ ಒಳಗೆ ಬಂದರು. ಅವರು ಹಗಲೆಲ್ಲ ಕಣದಲ್ಲೇ, ಸಿಪ್ಪೆ ತೆಗೆದು ತೊಳೆದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯ ಜೊತೆಗೇ ಇರುತ್ತಿದ್ದರು.

"ಅಮ್ಮ, ಸಿಪ್ಪೆ ತೆಗೀರಿ ಅಲ್ಲಿಂದ. ಪಾರ್ಚ್‌ಮೆಂಟಿಗೆ ವಾಸನೆ ಹಿಡಿಯುತ್ತೆ."

"ಹಿಡೀಲಿ ಬಿಡು. ಘಮ ಅಲ್ವ?"

"ಘಮ ಆದ್ರೂ ಅಷ್ಟೇ. ಕಾಫಿಗೆ ಕಾಫಿ ವಾಸನೆನೇ ಇರ್ಬೇಕು."

ಆ ವಾರ ಅವರು ಮನೆಯೊಳಗೆ ಆಡಿದ ಅತಿ ಉದ್ದದ ಮಾತು ಅದು. ನನ್ನ ಕಡೆ ನೋಡಿ, ಬೇಸಿನ್ನಿನ ಕಡೆ ನೋಡಿ, ಹೊರಟುಹೋದರು. ಮನೆಯಲ್ಲಿ ವಾಸನೆ ಇದೆಯೆಂಬುದೇ ನನಗೆ ಆಗ ತಿಳಿದದ್ದು. ಬೇಕೆಂದೇ ಮೂಗಿನಿಂದ ಜೋರಾಗಿ ಉಸಿರೆಳೆದುಕೊಂಡೆ. ಏನೂ ಬರಲಿಲ್ಲ. ಚಾಪೆಯನ್ನು ಅತ್ತೆ ಬಚ್ಚಲ ಹಿಂದಕ್ಕೆ ಎಳೆದರು. ಒಣಗಿದ ಸಿಪ್ಪೆ ಹಂಡೆಯ ಒಲೆ ಹೊತ್ತಿಸಲು ಒದಗಿತು, ಚಟಪಟ ಎಂದು ಎಣ್ಣೆ ಬಿಟ್ಟುಕೊಂಡು ಉರಿಯುತ್ತಿತ್ತು.

ನೋಡಲು ಬರುವವರು ಶುರುವಾದದ್ದು ಎರಡನೇ ವಾರದಿಂದ. ಬಂದವರು ಕೂತು, ನಿಟ್ಟುಸಿರು ಬಿಟ್ಟು, ಹೇಗಾಯ್ತು, ಯಾವಾಗ ಗೊತ್ತಾಯ್ತು, ಎಂತ ತಿಂದಿದ್ದೆ, ಜೀಪಲ್ಲಿ ಓಡಾಡಿದ್ಯಾ ಎಂದು ಕೇಳುತ್ತಿದ್ದರು. ನಾನು ತರಗತಿಯಲ್ಲಿ ಪಾಠ ಒಪ್ಪಿಸುವ ಮಕ್ಕಳ ಹಾಗೆ ಎಲ್ಲದಕ್ಕೂ ಉತ್ತರ ಹೇಳುತ್ತಿದ್ದೆ. ಮೂಡಿಗೆರೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ವಿಷಯವನ್ನು ಕ್ರಮವಾಗಿ ಹೇಳುವುದು ಅಭ್ಯಾಸ. ಅಳು ಬರದಿರುವುದು ಕೆಲವರಿಗೆ ಸರಿಕಾಣಲಿಲ್ಲ ಎಂದು ಕಾಣುತ್ತದೆ.

ಸಂಸೆಯಿಂದ ಅತ್ತೆಯ ಅಕ್ಕ ಬಂದರು. ನನ್ನ ಗಂಡನಿಗೆ ದೊಡ್ಡಮ್ಮ. ಬೆಳಿಗ್ಗೆ ಹೊರಟು ಎರಡು ಬಸ್ಸು ಬದಲಿಸಿ ಬಂದಿದ್ದರು. ಊಟ ಮುಗಿಸಿ ನನ್ನ ಪಕ್ಕ ಕೂತು, ಕೈ ಸವರುತ್ತ, "ಹೋಗ್ಲಿ ಬಿಡು ಮಗ. ಹೆಣ್ಣಲ್ವ? ಗಂಡಾಗಿದ್ರೆ ಇನ್ನೂ ಸಂಕ್ಟ ಆಗದು" ಎಂದರು.

ಅವರಿಗೆ ಕೆಟ್ಟ ಮನಸ್ಸಿರಲಿಲ್ಲ. ನಾನು ಹೂಂ ಎಂದೆ. ಬಾಗಿಲಲ್ಲಿದ್ದ ಅತ್ತೆ ಸರಕ್ಕನೆ ತಿರುಗಿ ಜಗಲಿಗೆ ಹೋದರು. ಹಿಂದಿರುಗಿದಾಗ ಕೈಯಲ್ಲಿ ದೊಡ್ಡ ಬಟ್ಟೆಚೀಲದ ತುಂಬ ಕಿತ್ತಳೆ.

"ಅಕ್ಕ, ನಿಂಗೆ ಬಸ್ಸಿನ ಹೊತ್ತಾಯ್ತು."

"ಇನ್ನೂ ಎರಡೂವರೆ ಅಲ್ವೇ? ಕಾಫಿ ಕುಡ್ಕೊಂಡು..."

"ಕೊಟ್ಟಿಗೆಹಾರದಲ್ಲಿ ಬಸ್ ಬದಲ್ಸುವಾಗ ಕುಡೀಬಹುದು. ಏಳು. ಹಣ್ಣು ತಗಂಡೋಗು."

ಅಕ್ಕನನ್ನು ರಸ್ತೆವರೆಗೆ ಕಳಿಸಿ ಬಂದ ಅತ್ತೆ ನೇರ ಅಡಿಗೆಮನೆಗೆ ಹೋದರು. ಒಂದು ಗಂಟೆ ಪಾತ್ರೆಗಳು ಒಳಗೆ ಜೋರಾಗಿ ಸದ್ದು ಮಾಡಿದವು. ಮಾರನೆಯ ಬೆಳಿಗ್ಗೆ ನೋಡಿದರೆ ಜಗಲಿಯ ಮೆಟ್ಟಿಲ ಮೇಲೆ ಕಿತ್ತಳೆ ತುಂಬಿದ ಚೀಲಗಳು ಸಾಲಾಗಿ ನಿಂತಿದ್ದವು. ಅಂದಿನಿಂದ ಯಾರು ಬಂದರೂ ಅತ್ತೆ ಮೆಟ್ಟಿಲಲ್ಲೇ ಎದುರಾಗಿ, "ಮಲ್ಗಿದಾಳೆ, ಎಬ್ಬಿಸಂಗಿಲ್ಲ" ಎಂದು ಹೇಳಿ, ಕೈಗೆ ಚೀಲ ಕೊಟ್ಟು ಕಳಿಸುತ್ತಿದ್ದರು. ಕೈ ತುಂಬಿದ ಮೇಲೆ ಮನುಷ್ಯರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಎಚ್ಚರವಾಗಿಯೇ ಕೂತು, ಬೀಜ ತೆಗೆಯುತ್ತ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಹಣ್ಣು ಖರ್ಚಾಗಲು ಅದಕ್ಕಿಂತ ಒಳ್ಳೆಯ ದಾರಿ ಬೇರೆ ಸಿಗಲಿಲ್ಲ.

ಕೊನೆಯ ಮೂರು ಮರದ ಹಣ್ಣು ಬಂದಾಗ ನಲವತ್ತು ದಿನಕ್ಕೆ ಇನ್ನೂ ಒಂದು ವಾರವಿತ್ತು. ಅಂದು ಭಾನುವಾರ, ಕಣಕ್ಕೆ ರಜೆ. ಅತ್ತೆ ಯಾರದೋ ಮನೆಯ ಪೂಜೆಗೆ ಹೋಗಿದ್ದರು. ನನ್ನ ಗಂಡ ಬಂದು ಎದುರಿಗೆ ಕಾಲು ಮಡಚಿ ಕೂತು, ಹಣ್ಣು ಹಿಂಡತೊಡಗಿದರು. ಅವರ ಕೈಗೆ ಬಲ ಹೆಚ್ಚು. ಬೇಸಿನ್ ಬೇಗ ತುಂಬಿತು. ಅರ್ಧ ಗಂಟೆ ಹೀಗೇ ಕಳೆಯಿತು.

"ಎಲ್ಲಿಟ್ರಿ?" ಎಂದು ಕೇಳಿದೆ.

ಆ ಪ್ರಶ್ನೆಯನ್ನು ಕೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಬಾಯಿಗೆ ಬಂತು. ಏನು ಎಲ್ಲಿ ಎಂದು ಅವರು ಕೇಳಲಿಲ್ಲ. ಕೈಯಲ್ಲಿದ್ದ ಹೋಳನ್ನು ಇನ್ನೂ ಒಂದು ಸಲ ಹಿಂಡಿದರು. ಅದರಲ್ಲಿ ರಸವಿರಲಿಲ್ಲ.

"ಮೇಲಿನ ಕೆರೆ ಹತ್ರ. ಸಿಲ್ವರ್ ಓಕ್ ಮರ ಇದೆಯಲ್ಲ, ಅದ್ರ ಕೆಳಗೆ. ಕಲ್ಲಿಟ್ಟಿದೀನಿ." ಹೋಳನ್ನು ಬುಟ್ಟಿಗೆ ಹಾಕಿ, "ನಿನ್ ಥರಾನೇ ಇತ್ತು. ಹಣೆ" ಎಂದರು.

ಆಮೇಲೆ ಅವರು ಅತ್ತರು. ರಸ ಮೆತ್ತಿದ ಕೈಯಲ್ಲಿ ಮುಖ ಒರೆಸಿಕೊಂಡು, ಕಣ್ಣಿಗೆ ಉರಿ ಹತ್ತಿ, ಇನ್ನಷ್ಟು ಅತ್ತರು. ಹೆಂಡತಿಯಾದವಳು ಎದ್ದು ಹತ್ತಿರ ಹೋಗಬೇಕು ಎಂದು ನನಗೆ ತಿಳಿದಿತ್ತು. ಎದ್ದೆ. ತಣ್ಣೀರಿನಲ್ಲಿ ಟವೆಲ್ ಅದ್ದಿ ತಂದು ಕೊಟ್ಟೆ. ಮತ್ತೆ ನನ್ನ ಜಾಗದಲ್ಲಿ ಕೂತು ಬೀಜ ತೆಗೆದೆ. ನನ್ನೊಳಗೆ ಏನಾದರೂ ಕದಲುತ್ತದೆಯೇ ಎಂದು ಕಾದೆ. ಅವರ ಬಗ್ಗೆ ಪಾಪ ಅನ್ನಿಸಿತು; ಬೇರೆ ಯಾರದೋ ಗಂಡನ ಬಗ್ಗೆ ಅನ್ನಿಸುವಷ್ಟು.

ಮಾರನೆಯ ದಿನ ಬೆಳಿಗ್ಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಅವರ ಜೊತೆ ಮೇಲಿನ ಕೆರೆಗೆ ಹೋದೆ. ಹೊರಗೆ ಗಾಳಿಗೆ ಹೋಗಬಾರದಿತ್ತು. ಅತ್ತೆ ಮೆಟ್ಟಿಲಲ್ಲಿ ನಿಂತು ನೋಡಿದರು, ತಡೆಯಲಿಲ್ಲ. "ಚಪ್ಪಲಿ ಹಾಕ್ಕೊ, ಇಬ್ಬನಿ ಇದೆ" ಎಂದರಷ್ಟೇ. ಅಲ್ಲಿ ಮೂರು ಕಲ್ಲಿದ್ದವು, ತರಗೆಲೆ ಬಿದ್ದಿತ್ತು. ಜಾಗ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ನನ್ನ ಗಂಡ ಬಗ್ಗಿ ಎಲೆಗಳನ್ನು ಸರಿಸಿದರು. ನಾನು ನಿಂತಿದ್ದೆ. ಕೆಳಗೆ ಕೊಯ್ಲಿನ ಹೆಂಗಸರು ಮಾತಾಡುವುದು ಕೇಳುತ್ತಿತ್ತು. ಹತ್ತು ನಿಮಿಷ ಕಳೆದಿರಬೇಕು. ಪಂಪ್‌ಸೆಟ್ಟಿನವನು ಅವರನ್ನು ಕೂಗಿದ, ಇಬ್ಬರೂ ಇಳಿದು ಬಂದೆವು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನಾನೂ ಕೆಲಸಕ್ಕೆ ಹೋದೆ. ಜೂನಿನ ಒಂದು ಮಧ್ಯಾಹ್ನ, ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಛತ್ರಿ ಬಿಡಿಸಲು ಹೋದಾಗ ಅದರ ಒಂದು ಕಡ್ಡಿ ಲಟಕ್ಕೆಂದು ಮುರಿಯಿತು. ಹಳೆಯ ಛತ್ರಿ. ಮುರಿದ ಕಡ್ಡಿಯನ್ನು ನೆಟ್ಟಗೆ ಮಾಡಲು ನೋಡಿದೆ, ಬಟ್ಟೆಯೂ ಹರಿಯಿತು. ಆಗ ಅಳು ಬಂತು. ನಿಲ್ಲಿಸಲಾಗದಂಥ, ಸದ್ದು ಬರುವ ಅಳು. ಶಾಲೆಯ ಮಕ್ಕಳು ಅಲ್ಲೇ ಬಸ್ಸಿಗೆ ಕಾಯುತ್ತಿದ್ದರು. ಟೀಚರ್ ಅಳುವುದನ್ನು ನೋಡಿ ಬೇರೆ ಕಡೆ ಮುಖ ಮಾಡಿ ನಿಂತರು. ಹೂ ಮಾರುತ್ತಿದ್ದ ಒಬ್ಬಾಕೆ ತನ್ನ ಸ್ಟೂಲು ಬಿಟ್ಟುಕೊಟ್ಟಳು. ಯಾಕೆ ಎಂದು ಕೇಳಲಿಲ್ಲ. "ಕೂತ್ಕೊಳಿ ಅಮ್ಮ, ಬಸ್ಸು ಇನ್ನೂ ತಡ" ಎಂದಳು.

ನನ್ನ ಬಸ್ಸು ಬಂದು ಹೋಯಿತು. ಅದರ ಮುಂದಿನ ಬಸ್ಸಿಗೆ ಹತ್ತಿದೆ.