ಮಾಸ್ತರರ ಗಿರಕಿ ಒದೆ

ಬೈರಿದೇವರಕೊಪ್ಪದ ಸಿಮೆಂಟ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಮುರುಗೆಪ್ಪ ಮಾಸ್ತರರು ಕರಾಟೆ ಕಲಿಸುತ್ತಾರೆ. ಎದುರಾಳಿಗೆ ಬೆನ್ನು ತಿರುಗಿಸಿ, ಗಿರಕಿ ಹೊಡೆದು, ಹಿಮ್ಮಡಿಯಿಂದ ಒದೆಯುವುದು ಅವರ ಹೆಗ್ಗಳಿಕೆ. ಅದನ್ನು ತಡೆಯುವವನು ಹುಬ್ಬಳ್ಳಿ-ಧಾರವಾಡದಲ್ಲೇ ಹುಟ್ಟಿಲ್ಲ ಎಂದು ಚಹಾದಂಗಡಿಯಲ್ಲೂ ಹೇಳುತ್ತಿದ್ದರು. ಅವರ ವಿಡಿಯೋಗಳಲ್ಲಿ ಒದೆ ತಿಂದು ಬೀಳುತ್ತಿದ್ದವರೆಲ್ಲ ಅವರದೇ ಶಿಷ್ಯರು. ಕಾಲು ತಾಗುವ ಮೊದಲೇ ಬೀಳುವಷ್ಟು ಗುರುಭಕ್ತಿ ಅವರಿಗಿತ್ತು.

ಕಳೆದ ವರ್ಷ ಪಾಲಕರ ಮುಂದೆ ಪ್ರದರ್ಶನವಿತ್ತು. ಬೀಳಬೇಕಾದ ಶಿಷ್ಯನಿಗೆ ಜ್ವರ ಬಂದದ್ದರಿಂದ, ಹಿಂದಿನ ವಾರವಷ್ಟೇ ತರಗತಿಗೆ ಸೇರಿದ್ದ ಸುಜಾತಾ ಎಂಬ ಗುಮಾಸ್ತೆ ಎದುರು ನಿಂತರು.

"ಅಂಜಬ್ಯಾಡ್ರಿ, ಸುಮ್ನ ನಿಂದರ್ರಿ," ಎಂದರು ಮಾಸ್ತರರು.

ಅವರು ಬೆನ್ನು ತಿರುಗಿಸಿದ್ದೇ ತಡ, ಸುಜಾತಾ ಗಾಬರಿಯಾದರು. ಹಿಂದೆ ಸರಿಯೋಣವೆಂದರೆ ಗೋಡೆ. ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ಮಾಸ್ತರರ ಮೇಲೆಯೇ ನುಗ್ಗಿದರು. ಒಂಟಿ ಕಾಲಿನ ಮೇಲೆ ಅರ್ಧ ಸುತ್ತಿದ್ದ ಮಾಸ್ತರರಿಗೆ ಅದು ಕಾಣಲೇ ಇಲ್ಲ. ಬೆನ್ನಿಗೆ ತಳ್ಳು ಬಿದ್ದು, ಮೊದಲ ಸಾಲಿನ ಪಾಲಕರ ಕಾಲಬುಡದಲ್ಲಿ ಬೋರಲಾಗಿ ಬಿದ್ದರು.

ಎದ್ದವರೇ ತಾವೇ ಚಪ್ಪಾಳೆ ತಟ್ಟಿದರು. "ನೋಡಿದ್ರೇನ್ರಿ? ಇಂಥಾ ಒದಿ ಬಂದ್ರ ಹಿಂದ ಸರೀಬಾರದು, ಒಳಗ ನುಗ್ಗಬೇಕು. ನಾನ ಕಲಿಸೇನಿ!"

"ಯಾವಾಗ ಕಲಿಸಿದ್ರಿ ಸರ್?" ಸುಜಾತಾ ನಿಜಕ್ಕೂ ತಿಳಿಯದೆ ಕೇಳಿದರು. "ನಾ ಬಂದಾಗಿಂದ ಬರೇ ನಿಮಗ ನಮಸ್ಕಾರ ಮಾಡೋದ ಕಲ್ತೇನಿ."

ಪಾಲಕರು ಹೊಟ್ಟೆ ಹಿಡಿದು ನಕ್ಕರು. ಮರುವಾರ ಬಾಗಿಲಿಗೆ ಹೊಸ ಬ್ಯಾನರ್ ಬಂತು: 'ಮಹಿಳೆಯರಿಗೆ ವಿಶೇಷ ಆತ್ಮರಕ್ಷಣೆ.' ಅದರ ಚಿತ್ರದಲ್ಲಿ ಮಾಸ್ತರರು ಕೈಕಟ್ಟಿ ನಿಂತಿದ್ದಾರೆ, ಎರಡೂ ಕಾಲು ನೆಲಕ್ಕೂರಿ.