ಆ ಗುಡುಗು ನನಗೂ ಕೇಳಿಸಿತ್ತು

ಹೋದ ತಿಂಗಳು ಡಾಲಸ್ ಹತ್ತಿರದ ಲಿಟಲ್ ಎಲ್ಮ್‌ನ ನಮ್ಮ ಮನೆಯ ಗರಾಜು ಖಾಲಿ ಮಾಡುವಾಗ ಹಳೆಯ ರೇನ್‌ಕೋಟೊಂದು ಸಿಕ್ಕಿತು. ದಾನದ ಚೀಲಕ್ಕೆ ಹಾಕುವ ಮುಂಚೆ ಜೇಬಿಗೆ ಕೈಹಾಕಿ ನೋಡಿದೆ. ಬೆರಳುದ್ದದ ಹಳದಿ ಪ್ಲಾಸ್ಟಿಕ್ ಕಡ್ಡಿ, ಅದರ ತುದಿಗೆ ಪುಟ್ಟ ಬಾವುಟ. ಮೂಗಿನ ಹತ್ತಿರ ಹಿಡಿದರೆ ಬಂದೂಕು ಒರೆಸುವ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮಗಳು "ವಾಟ್ ಈಸ್ ದಟ್, ಅಮ್ಮಾ?" ಎಂದಳು. ರೈಫಲ್ ಖಾಲಿಯಿದೆ ಎಂದು ದೂರದಿಂದಲೇ ಕಾಣಲಿ ಅಂತ, ಗುಂಡು ಕೂರುವ ಜಾಗಕ್ಕೆ ಸಿಕ್ಕಿಸುವ ಕಡ್ಡಿ ಎಂದು ವಿವರಿಸಿದೆ. ಅದನ್ನು ಕೊಟ್ಟವರು ಯಾರು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ...

ಕೊಟ್ಟವರು ಜಾರ್ಜ್‌ಟೌನ್ ಅಂಕಲ್. ನಾನು ಆಗ ಡಾಲಸ್‌ನಲ್ಲಿ ಎಂಎಸ್ ಓದುತ್ತಿದ್ದೆ. ಮೈಸೂರಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಹಿಡಿದ ರೈಫಲ್‌ನ ಹುಚ್ಚು ಇಲ್ಲಿಗೂ ಬಂದಿತ್ತು. ಯೂನಿವರ್ಸಿಟಿಯ ತಂಡ ಸೇರಿ, ಆಸ್ಟಿನ್ ಹೊರವಲಯದ ಒಂದು ರೈಫಲ್ ಕ್ಲಬ್ಬಿಗೆ ಮೊದಲ ಸಲ ಸ್ಪರ್ಧೆಗೆ ಹೋದ ದಿನ, ಒಂದು ಗುಂಡು ಗುರಿ ತಪ್ಪಿದಾಗ "ಅಯ್ಯೋ ಕರ್ಮ" ಎಂದುಬಿಟ್ಟೆ. ಬೆನ್ನ ಹಿಂದಿನಿಂದ "ಉಸಿರು ಬಿಟ್ಟ ಮ್ಯಾಲೆ ಟ್ರಿಗರ್ ಒತ್ತು ತಂಗಿ, ಕರ್ಮಕ್ಕ ಯಾಕ ಬೈತಿ?" ಎಂಬ ದನಿ ಬಂತು. ತಿರುಗಿ ನೋಡಿದರೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ, ಬಿಳಿ ಮೀಸೆಯ ರೇಂಜ್ ಆಫೀಸರ್. ಎಲ್ಲರೂ ಯಾವಾಗ ಗುಂಡು ಹಾರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಅಪ್ಪಣೆ ಕೊಡುವ ಮನುಷ್ಯ. ಧಾರವಾಡದವರು. ಹ್ಯೂಸ್ಟನ್‌ನಲ್ಲಿ ಎಣ್ಣೆ ಪೈಪ್‌ಲೈನಿನ ಎಂಜಿನಿಯರ್ ಆಗಿ ನಿವೃತ್ತರಾಗಿ, ಜಾರ್ಜ್‌ಟೌನ್‌ನಲ್ಲಿ ಹೊಸ ಮನೆ ಕೊಂಡು ಬಂದಿದ್ದರು. ಕಣ್ಣಿನ ಆಪರೇಷನ್ ಆದ ಮೇಲೆ ತಾವು ಸ್ಪರ್ಧಿಸುವುದನ್ನು ಬಿಟ್ಟು ಈ ಕೆಲಸ ಹಿಡಿದಿದ್ದರು.

ಎರಡು ವರ್ಷ ನನಗೆ ಅವರೇ ಗುರು. ತಿಂಗಳಿಗೊಂದು ಶನಿವಾರ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಆಂಟಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಿದ್ದರು. ಗುರಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಅಂಕಲ್ ಕಲಿಸಿದ್ದು ಮಳೆಯನ್ನು. ಟೆಕ್ಸಸ್‌ನ ವಸಂತಕಾಲದ ಮಳೆ ಹೇಳಿ ಕೇಳಿ ಬರುವುದಿಲ್ಲ, ಸ್ಪರ್ಧೆಗಳೆಲ್ಲ ಇರುವುದೂ ಆಗಲೇ. ಮಳೆಯಲ್ಲಿ ರೈಫಲ್ ಹೊತ್ತು ನಡೆಯುವಾಗ ನಳಿಗೆಯ ಬಾಯಿ ಕೆಳಗಿರಲಿ, ಒಳಗೆ ನೀರು ನಿಂತಿದ್ದಾಗ ಗುಂಡು ಹಾರಿಸಿದರೆ ನಳಿಗೆಯೇ ಸೀಳಬಹುದು ಎನ್ನುತ್ತಿದ್ದರು. ಒದ್ದೆಯಾದ ಗುಂಡನ್ನು ಒರೆಸದೆ ಹಾಕಲು ಬಿಡುತ್ತಿರಲಿಲ್ಲ. ಗುಂಡು ಹಾರದಿದ್ದರೆ ಒಂದು ನಿಮಿಷ ಹಾಗೇ ಗುರಿಯ ಕಡೆಗೇ ಹಿಡಿದು ಕಾಯಬೇಕು. ಗುರಿಯ ಹಲಗೆ ಮಬ್ಬಾಯಿತೋ, ಆಟ ನಿಂತಂತೆ. ಗುಡುಗು ಕೇಳಿಸಿದರಂತೂ ಬೇರೆ ಮಾತೇ ಇಲ್ಲ: ರೈಫಲ್ ಖಾಲಿ ಮಾಡಿ, ಹಳದಿ ಕಡ್ಡಿ ಸಿಕ್ಕಿಸಿ, ಅಲ್ಲೇ ಬಿಟ್ಟು ಕಾರಿನೊಳಗೆ ಕೂರಬೇಕು. ತಗಡಿನ ಶೆಡ್ಡೂ ಬೇಡ, ಮರದ ಬುಡವೂ ಬೇಡ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಲೆಕ್ಕ.

"ಎಲ್ಲಾರೂ ಕಿವಿ ಮುಚ್ಚಿಕೊಂಡು ಬೋರಲ ಮಲಗಿ ಗುಂಡು ಹೊಡೀತಿರ್ತಾರ," ಎನ್ನುತ್ತಿದ್ದರು, "ಅದಕ್ಕ ಒಬ್ಬಾಂವ ಕಿವಿ ತೆರಕೊಂಡು ಆಕಾಶ ನೋಡ್ಕೋತ ನಿಂದರಬೇಕು. ಆ ಒಬ್ಬಾಂವ ನಾನು."

ನನ್ನ ಹುಟ್ಟುಹಬ್ಬಕ್ಕೆ ಅವರು ಕೊಟ್ಟದ್ದು ಕಿವಿ ಮುಚ್ಚುವ ಎಲೆಕ್ಟ್ರಾನಿಕ್ ಇಯರ್‌ಮಫ್. ಗುಂಡಿನ ಸದ್ದನ್ನು ತಡೆಯುತ್ತದೆ, ಉಳಿದದ್ದನ್ನೆಲ್ಲ ಕೇಳಿಸುತ್ತದೆ.

ಮೊದಲ ಗಲಾಟೆ ನಡೆದದ್ದು ಹ್ಯೂಸ್ಟನ್ ಹತ್ತಿರದ ಒಂದು ಶೂಟಿಂಗ್ ರೇಂಜಿನಲ್ಲಿ. ಕ್ಲಬ್ಬಿನ ದೊಡ್ಡ ಸ್ಪರ್ಧೆ, ಅಂಕಲ್‌ದೇ ಉಸ್ತುವಾರಿ. ಕೊನೆಯ ಸುತ್ತು, ಹತ್ತು ಗುಂಡು ಬಾಕಿ, ನಾನು ಎರಡು ಅಂಕ ಹಿಂದೆ. ಗೆಲ್ಲುತ್ತೇನೆಂದು ಮೈಯೆಲ್ಲ ಹೇಳುತ್ತಿತ್ತು. ಆಗ ಮಳೆ ಬಂತು. ದೂರದಲ್ಲೆಲ್ಲೋ ಗುಡುಗಿತು. ಅಂಕಲ್ ಸೀಟಿ ಊದಿ ನಿಲ್ಲಿಸಿಯೇಬಿಟ್ಟರು. ಎಲ್ಲರೂ ಕಾರುಗಳಲ್ಲಿ ಎರಡು ಗಂಟೆ ಕೂತೆವು. ಅರ್ಧ ಗಂಟೆ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಗುಡುಗು. ಕೊನೆಗೆ ಸ್ಪರ್ಧೆ ರದ್ದು. ಹಿಂದಿನ ಸುತ್ತುಗಳ ಅಂಕದ ಮೇಲೆ ನಾನು ಎರಡನೆಯವಳು. ರಾಜ್ಯ ತಂಡಕ್ಕೆ ಒಬ್ಬರಿಗೇ ಜಾಗ.

ಕ್ಲಬ್ಬಿನ ಸಮಿತಿಯವರು ನಿಂತಿದ್ದ ಕಡೆಗೇ ಹೋಗಿ ಅಂಕಲ್ ಮೇಲೆ ಹರಿಹಾಯ್ದೆ. "ಒಂದು ಹನಿ ಬಿದ್ದರೂ ನಿಮಗೆ ಭಯ ಅಂಕಲ್. ನಿಮ್ಮ ಭಯಕ್ಕೆ ನಾನ್ಯಾಕೆ ಸೋಲಬೇಕು?"

ಸಮಿತಿಯ ಅಧ್ಯಕ್ಷ ನಗುತ್ತ, ಅವಳು ಏನಂದಳು ಎಂದು ಕೇಳಿದ. ಅಲ್ಲಿಗೆ ಸುಮ್ಮನಾಗಬಹುದಿತ್ತು. ಕನ್ನಡ ಬಲ್ಲವರು ಅಲ್ಲಿ ನಾವಿಬ್ಬರೇ. ಅದು ನಮ್ಮಿಬ್ಬರ ನಡುವಿನ ಜಗಳವಾಗಿಯೇ ಉಳಿಯುತ್ತಿತ್ತು. ಆದರೆ ನಾನು ಅಕ್ಷರ ಬಿಡದೆ ಇಂಗ್ಲಿಷಿಗೆ ತರ್ಜುಮೆ ಮಾಡಿ ಹೇಳಿದೆ. ಅಂಕಲ್ ನನ್ನನ್ನೇ ನೋಡುತ್ತಿದ್ದರು... ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇವತ್ತಿಗೆ ಮರೆತಿರುತ್ತಿದ್ದೆ.

ಅವರು ಸುಮ್ಮಸುಮ್ಮನೆ ಸ್ಪರ್ಧೆ ನಿಲ್ಲಿಸುತ್ತಾರೆಂಬ ಗೊಣಗಾಟ ಕ್ಲಬ್ಬಿನಲ್ಲಿ ಮೊದಲೇ ಇತ್ತು. ಅವರ ಶಿಷ್ಯೆಯೇ ಹೀಗೆ ಹೇಳುತ್ತಾಳಲ್ಲ ಎಂದು ಈಗ ಅದಕ್ಕೆ ಬಲ ಬಂತು. ಮುಂದಿನ ವಸಂತದ ಹೊತ್ತಿಗೆ ಕಿತ್ತಳೆ ಜಾಕೆಟ್ ಬೇರೆಯವನ ಮೈಮೇಲಿತ್ತು. ಅಂಕಲ್‌ಗೆ ಗುರಿಯ ಕಾಗದಗಳನ್ನು ಜೋಡಿಸಿಡುವ ಕೆಲಸ ಕೊಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಬರುವುದನ್ನೇ ಬಿಡುತ್ತಿದ್ದರು. ಇವರು ಬಂದು, ಮೂಲೆಯ ಮೇಜಿನಲ್ಲಿ ಕೂತು ಕಾಗದ ಜೋಡಿಸುತ್ತಿದ್ದರು. ನಾನು ಹತ್ತಿರ ಹೋದರೆ "ಊಟ ಆತೇನು ತಂಗಿ?" ಎಂದಷ್ಟೇ ಕೇಳುತ್ತಿದ್ದರು. ನಾನು ಕ್ಷಮೆ ಕೇಳಲಿಲ್ಲ. ಅವರೂ ಅದನ್ನು ಎತ್ತಲಿಲ್ಲ.

ಆ ವಸಂತದ ಸ್ಪರ್ಧೆ ಆಸ್ಟಿನ್ ಹೊರವಲಯದ ಅದೇ ರೇಂಜಿನಲ್ಲಿ. ಬೆಳಗಿನಿಂದಲೇ ಮೋಡ. ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ ನಾವು ಹನ್ನೆರಡು ಜನ ಚಾಪೆಯ ಮೇಲೆ ಬೋರಲು ಮಲಗಿದ್ದೆವು. ಮಳೆ ಎಷ್ಟು ಜೋರಾಯಿತೆಂದರೆ ಚಾಪೆಯ ಕೆಳಗೆ ನೀರು ಹರಿಯತೊಡಗಿತು. ನನ್ನ ಪಕ್ಕದಲ್ಲಿ ಒಬ್ಬ ಹೈಸ್ಕೂಲ್ ಮೇಷ್ಟ್ರು, ಅಲ್ಲಿಯವನೇ, ಒಳ್ಳೆಯ ಮನುಷ್ಯ. ಬೂಟು ಶೆಡ್ಡಿನ ಕಬ್ಬಿಣದ ಕಂಬಕ್ಕೆ ತಾಗುವಂತೆ ಮಲಗಿದ್ದ.

ಗುಡುಗಿತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೊಂದು, ಇನ್ನೂ ಹತ್ತಿರದಲ್ಲಿ.

ಅಂಕಲ್ ಮೇಜು ಬಿಟ್ಟು ಎದ್ದು ಹೊಸ ಆಫೀಸರ್ ಹತ್ತಿರ ಹೋಗಿ ಏನೋ ಹೇಳಿದರು. ಅವನು ಅವರ ಹೆಗಲು ತಟ್ಟಿ, ಇವತ್ತು ನಿಮಗೆ ರಜೆ, ಆರಾಮಾಗಿರಿ ಎಂದ. ಎರಡು ಮೂರು ಜನ ನಕ್ಕರು. ಅಂಕಲ್ ನಮ್ಮ ಸಾಲಿನ ಹಿಂದೆ ನಡೆದುಬಂದು, ನನ್ನ ಚಾಪೆಯ ಹತ್ತಿರ ಬಗ್ಗಿದರು. "ಗುಡುಗೇತಿ. ಏಳು ತಂಗಿ. ಕಾರಿಗೆ ನಡಿ."

ನಾನು ರೈಫಲ್‌ನಿಂದ ಕೆನ್ನೆ ತೆಗೆಯಲಿಲ್ಲ. ಮೂರು ಗುಂಡು ಬಾಕಿಯಿತ್ತು. ಅವರು ಒಬ್ಬರೇ ಮಳೆಯಲ್ಲಿ ನಡೆದುಹೋಗಿ ಕಾರಿನಲ್ಲಿ ಕೂತರು.

ಶೆಡ್ಡಿನ ಹಿಂದಿದ್ದ ಓಕ್ ಮರಕ್ಕೆ ಸಿಡಿಲು ಬಡಿಯಿತು. ಬೆಳಕು ನೆನಪಿಲ್ಲ. ಬಾಯಲ್ಲಿ ಕಬ್ಬಿಣದ ರುಚಿ, ಮೈಯೆಲ್ಲ ಜೋಮು... ಪಕ್ಕದ ಮೇಷ್ಟ್ರ ರೈಫಲ್ ತಾನಾಗಿ ಹಾರಿ ಗುಂಡು ಮಣ್ಣಿಗೆ ಹೊಕ್ಕಿತು. ಅವನು ಅಲುಗಾಡಲಿಲ್ಲ. ಜನ ದಿಕ್ಕೆಟ್ಟು ಎದ್ದರು, ಗುಂಡು ತುಂಬಿದ ರೈಫಲ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ. ಹೊಸ ಆಫೀಸರ್ ಗೋಡೆಗೆ ಒರಗಿ ನಿಂತುಬಿಟ್ಟಿದ್ದ. ಕಾರಿನಿಂದ ಓಡಿ ಬಂದವರು ಅಂಕಲ್. ಮೊದಲು ಗಂಟಲು ಹರಿಯುವಂತೆ ಕೂಗಿ ಎಲ್ಲರ ರೈಫಲ್ ಕೆಳಗಿಡಿಸಿದರು, ಖಾಲಿ ಮಾಡಿಸಿದರು. ಆಮೇಲೆ ಮೇಷ್ಟ್ರ ಪಕ್ಕ ಮಂಡಿಯೂರಿ ಎದೆ ಒತ್ತತೊಡಗಿದರು. ಅರವತ್ತೇಳರ ಮನುಷ್ಯ. ಆಂಬುಲೆನ್ಸ್ ಬರುವ ತನಕ ಕೈ ಬಿಡಲಿಲ್ಲ. ಅವನು ಬದುಕಿದ. ಬಲಗೈ ಮಾತ್ರ ಕೊನೆಗೂ ಸರಿಹೋಗಲಿಲ್ಲ. ಬೋರ್ಡಿನ ಮೇಲೆ ಬರೆಯಲಾಗದೆ ಕೆಲಸ ಬಿಟ್ಟನೆಂದು ಕೇಳಿದೆ.

ವಿಚಾರಣೆ ನಡೆಯಿತು. ಸಮಿತಿಯವರು, ಇನ್ಶೂರೆನ್ಸಿನ ಒಬ್ಬ. ಸಿಡಿಲಿಗೆ ಮುಂಚೆ ಗುಡುಗು ಕೇಳಿಸಿತ್ತೇ ಎಂದು ಎಲ್ಲರಿಂದಲೂ ಬರೆಸಿಕೊಂಡರು. ಎರಡು ಸಲ ಕೇಳಿಸಿತು, ನಿಲ್ಲಿಸಲು ಹೇಳಿದೆ ಎಂದು ಅಂಕಲ್ ಬರೆದರು. ಹಾಗೆ ಬರೆದವರು ಅವರೊಬ್ಬರೇ. ನಮ್ಮ ಯೂನಿವರ್ಸಿಟಿ ತಂಡದ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, ರಾಜ್ಯ ತಂಡವನ್ನು ಆರಿಸುವುದೂ ಇದೇ ಸಮಿತಿ, ನೆನಪಿರಲಿ ಎಂದ. ನಾನು ಬರೆದೆ: "ಇಯರ್‌ಮಫ್ ಹಾಕಿಕೊಂಡಿದ್ದೆ. ಗುಡುಗು ಕೇಳಿಸಿದ ನೆನಪಿಲ್ಲ."

ಎಂಥ ಇಯರ್‌ಮಫ್ ಎಂದು ಯಾರೂ ಕೇಳಲಿಲ್ಲ. ಅಂಕಲ್‌ಗೆ ಗೊತ್ತಿತ್ತು. ಅವರೂ ಹೇಳಲಿಲ್ಲ.

ಯಾರೂ ಊಹಿಸಲಾಗದ ದುರಂತ ಎಂದು ವರದಿಯಾಯಿತು. ಹುದ್ದೆ ಹೋದ ಸಿಟ್ಟಿಗೆ ಮುದುಕ ಕಥೆ ಕಟ್ಟುತ್ತಿದ್ದಾನೆ ಎಂದು ಮಾತಾಯಿತು. ಅವರ ಸದಸ್ಯತ್ವವನ್ನು ನವೀಕರಿಸಲಿಲ್ಲ. ನಾನು ತಂಡಕ್ಕೆ ಆಯ್ಕೆಯಾದೆ, ಒಂದೇ ಒಂದು ಸ್ಪರ್ಧೆಗೆ ಹೋಗಿ ಎಲ್ಲೋ ಕೊನೆಯಲ್ಲಿ ಬಂದೆ. ಎರಡು ವರ್ಷದೊಳಗೆ ರೈಫಲನ್ನೇ ಬಿಟ್ಟೆ. ಇಷ್ಟಕ್ಕಾಗಿ ಅಷ್ಟೆಲ್ಲ.

ಆಮೇಲೆ ಅವರನ್ನು ನೋಡಿದ್ದು ಒಮ್ಮೆ, ಡಾಲಸ್‌ನ ಒಂದು ಯುಗಾದಿ ಕಾರ್ಯಕ್ರಮದಲ್ಲಿ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು, ಆಂಟಿ ಜೊತೆ. ನಾನು ಕಂಬದ ಮರೆಗೆ ಸರಿದೆ. ಅವರು ಊಟ ಮುಗಿಸಿ ಹೋಗುವ ತನಕ ಅಲ್ಲೇ ನಿಂತಿದ್ದೆ. ನಂತರ ಅವರು ಮಗಳ ಮನೆಯ ಹತ್ತಿರವೆಂದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಗೆ ಶಿಫ್ಟ್ ಆದರೆಂದು ಕೇಳಿದೆ. ಮೂರು ವರ್ಷದ ಹಿಂದೆ ವಾಟ್ಸ್ಯಾಪ್ ಗುಂಪಿನಲ್ಲಿ ಹಾರ ಹಾಕಿದ ಅವರ ಫೋಟೋ ಬಂತು, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ.

ಗರಾಜು ತೆರವು ಮಾಡಿದ ಮರುದಿನ ಕೂತು ಒಂದು ಪುಟ ಬರೆದೆ. ಗುಡುಗು ಕೇಳಿಸಿತ್ತು, ಎರಡು ಸಲ, ಅವರು ನನ್ನನ್ನು ಎಬ್ಬಿಸಲು ಬಂದಿದ್ದರು, ನಾನು ಸುಳ್ಳು ಬರೆದೆ. ಕ್ಲಬ್ಬಿಗೆ ಕಳಿಸಿದೆ. ವಾರದ ಮೇಲೆ ಉತ್ತರ ಬಂತು: ಆಗಿನವರು ಯಾರೂ ಈಗ ಇಲ್ಲಿಲ್ಲ, ಹಳೆಯ ಕಡತಗಳೂ ಇಲ್ಲ, ನಿಮ್ಮ ಆಸಕ್ತಿಗೆ ಧನ್ಯವಾದ.

ಹೋದ ಶನಿವಾರ ಮಿಸೌರಿ ಸಿಟಿಗೆ ಡ್ರೈವ್ ಮಾಡಿಕೊಂಡು ಹೋದೆ. ಆಂಟಿ ಬಾಗಿಲು ತೆಗೆದು, ಗುರುತು ಹಿಡಿದು, "ಬಾರವಾ, ಎಷ್ಟ ವರ್ಷಾತು" ಎಂದು ಒಳಗೆ ಕೂರಿಸಿದರು. ಚಹಾ ಇಟ್ಟರು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ಕೇಳಿಸಿತ್ತೇನು ನಿನಗ?"

"ಕೇಳಿಸಿತ್ತು ಆಂಟಿ. ಎರಡು ಸಲ."

ಆಂಟಿ ಸೆರಗಿನಿಂದ ಮುಖ ಒರೆಸಿಕೊಂಡರು. "ಅವರು ಕಿವಿ ಟೆಸ್ಟ್ ಮಾಡಿಸಿಕೊಂಡ್ರು ಗೊತ್ತೇನು? ಎರಡು ಡಾಕ್ಟರ್ ಕಡೆ. ಇಬ್ಬರೂ ಕಿವಿ ಚಲೋ ಅದಾವ ಅಂದ್ರು. ಆದ್ರ ಅಷ್ಟು ಮಂದಿಗೆ ಕೇಳಿಸಿಲ್ಲಂದ್ರ ನಂದ ತಪ್ಪಿರಬೇಕು ಅಂತಿದ್ರು. ಕಡೀಕಡೀಗೆ ಮಳಿ ಬಂದಾಗೆಲ್ಲ ನನ್ನ ಕೇಳ್ತಿದ್ರು, ಈಗ ಗುಡುಗಿತೇನ, ಖರೇನ ಗುಡುಗಿತೇನ ಅಂತ. ನಾ ಹೌದಂದ್ರ ನಂಬ್ತಿರಲಿಲ್ಲ. ನನ್ನ ಸಮಾಧಾನಕ್ಕ ಹೇಳ್ತಿ ಅಂತಿದ್ರು."

ನಾನು ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ಅದು ಆಂಟಿ ಕೊಡಬಹುದಾದ ಕ್ಷಮೆಯಾಗಿರಲಿಲ್ಲ. "ಮೂರು ವರ್ಷ ತಡಾ ಮಾಡಿದಿ ನೋಡವಾ," ಎಂದರು ಆಂಟಿ, ತಣ್ಣಗಾದ ಲೋಟ ಎತ್ತಿಕೊಂಡು ಅಡಿಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ಅವರು ಮತ್ತೆ ಹೊರಗೆ ಬರಲಿಲ್ಲ. ಬಾಗಿಲನ್ನು ನಾನೇ ಎಳೆದುಕೊಂಡು ಹೊರಟೆ.