ಬೋರ್ಡ್ ಕಾಣದವಳು ಬಂದ ಸಂಜೆ

ಗೆಳೆಯರೇ, ಇವತ್ತು ನನ್ನ ಮಾನವನ್ನು ನಾನೇ ಕಳೆದುಕೊಂಡೆ. ಕೆ.ಆರ್.ಪೇಟೆಯ ನಮ್ಮ ಮಸೀದಿ ಪಕ್ಕದ ಕೋಣೆಯಲ್ಲಿ ಸಂಜೆ ಹೊತ್ತು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನಲ್ಲ, ಅಲ್ಲಿಗೆ ಮಾಕವಳ್ಳಿಯ ಪುಟ್ಟಸ್ವಾಮಿ ತಮ್ಮ ಮಗಳನ್ನು ಕರೆತಂದರು. ಆ ಹುಡುಗಿಗೆ ಕಣ್ಣು ಕಾಣದು.

"ಮೈಸೂರಲ್ಲಿ ಕ್ಯಾಸೆಟ್ ಹಾಕಿ ಕಲಿಸೋ ಶಾಲೆ ಇದೆ, ಅಲ್ಲಿಗೆ ಸೇರಿಸಿ," ಎಂದೆ. ಅದೂ ಸಾಲದೆ, "ಇದು ಮಸೀದಿ ಜಾಗ, ನಿಮ್ಮೋರು ಏನಂತಾರೋ," ಎಂದೆ.

"ನಮ್ಮೋರ ಇಚಾರ ಬುಡಿ ಮೇಷ್ಟ್ರೇ," ಎಂದರು ಪುಟ್ಟಸ್ವಾಮಿ. "ಕಲಿಯಾಕೆ ಬಂದ ಕುರುಡನ್ನ ಕಂಡು ಮೊಕ ತಿರುಗಿಸ್ಬಾರ್ದು ಅಂತ ಅಲ್ಲಾನೇ ಯೋಳವ್ನೆ ಅಂತ ಓದ ವಾರ ಸ್ಕೂಲಲ್ಲಿ ಭಾಷಣ ಮಾಡಿದ್ದು ನೀವೇ ಅಲ್ವಾ? ಅದ ನಂಬ್ಕೊಂಡೇ ಬಂದೆ."

ಅಷ್ಟು ಹೊತ್ತೂ ನನ್ನ ಮುಖ ಬೋರ್ಡಿನ ಕಡೆಗೇ ಇತ್ತು.

ಹುಡುಗಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವಳಿಗಾಗಿ ಪ್ರತಿ ಲೆಕ್ಕವನ್ನೂ ಬಾಯಿಬಿಟ್ಟು ಹೇಳುತ್ತಾ ಬರೆದೆ. ಪಾಠ ಮುಗಿದಾಗ ಹಿಂದಿನ ಸಾಲಿನ ನಸ್ರೀನ್ ಎದ್ದು ನಿಂತು, "ಇವತ್ತು ಅರ್ಥ ಆಯ್ತು ಸಾರ್," ಎಂದಳು.

ನಸ್ರೀನಳ ಕಣ್ಣು ನೆಟ್ಟಗಿದೆ. ಮೂರು ವರ್ಷದಿಂದ ನನ್ನ ಪಾಠಕ್ಕೆ ಬರುತ್ತಿದ್ದಾಳೆ.